ಸೇವೆಯೋ, ಚಾಕರಿಯೋ, ದುಡಿಮೆಯೋ?

(ಸಾಂಕ್ರಾಮಿಕ ಕಾಲದ ಆರೈಕೆಯನ್ನು ಕುರಿತ ಭಾಷಣದ ಬರಹ ರೂಪ)



ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹೆತ್ತವಳಿಗೆ ಮಾಡುವುದು ಬಾಣಂತನ, ರೋಗಿಗೆ ಶುಶ್ರೂಷೆ, ಮಗುವಿಗೆ ಲಾಲನೆ ಪಾಲನೆ, ಹಾಸಿಗೆ ಹಿಡಿದ ಹಿರಿಯರಿಗೆ ಆರೈಕೆ. ಆದರೆ ಈ ಕೆಲಸಕ್ಕೆ ಬೆಲೆ ಕಟ್ಟುವ ಹೊತ್ತು ಬಂದಾಗ ಉಳಿಯುವುದು ಎರಡೇ ಪದ. ಹೊಗಳುವಾಗ ಅದು 'ಸೇವೆ', ಬೇಸತ್ತು ಹೇಳುವಾಗ 'ಚಾಕರಿ'. ಮೂರನೆಯ ಪದವೊಂದಿದೆ, 'ದುಡಿಮೆ'. ಅದನ್ನು ಈ ಕೆಲಸಕ್ಕೆ ಬಳಸುವುದು ಅಪರೂಪ. ಗಂಡ ಹೊಲಕ್ಕೋ ಕಾರ್ಖಾನೆಗೋ ಹೊರಟರೆ ದುಡಿಯಲು ಹೋದ ಎನ್ನುತ್ತಾರೆ. ಅತ್ತೆಯ ಹಾಸಿಗೆ ಬದಲಿಸಿ, ಮಗುವಿಗೆ ಉಣಿಸಿ, ಸಂಜೆಯ ಅಡುಗೆಗೆ ಒಲೆ ಹಚ್ಚುವ ಸೊಸೆಯ ವಿಷಯ ಕೇಳಿದರೆ 'ಮನೆಯಲ್ಲೇ ಇದ್ದಾಳೆ' ಎಂಬ ಉತ್ತರ ಬರುತ್ತದೆ.

ಈ ಮೂರು ಪದಗಳ ನಡುವಣ ಅಂತರ ಬರೀ ಭಾಷೆಯ ಮಾತಲ್ಲ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಯಾರ ಮೇಲೆ ಎಷ್ಟು ಭಾರ ಬಿತ್ತು, ಯಾರಿಗೆ ಚಪ್ಪಾಳೆ ಸಿಕ್ಕಿತು, ಯಾರಿಗೆ ಸಂಬಳ ಸಿಕ್ಕಿತು ಎಂಬುದನ್ನು ಈ ಅಂತರವೇ ತೀರ್ಮಾನಿಸಿತು. ಸ್ತ್ರೀವಾದಿ ಚಿಂತಕಿಯರು ನಾಲ್ಕು ದಶಕಗಳಿಂದ ಚರ್ಚಿಸುತ್ತ ಬಂದಿರುವ 'ಆರೈಕೆಯ ನೀತಿ' ಎಂಬ ವಿಚಾರ ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ.

ಹನ್ನೊಂದರ ಹುಡುಗಿಯ ಉತ್ತರ

ಈ ವಿಚಾರಕ್ಕೆ ನಾಂದಿ ಹಾಡಿದ್ದು ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್. ಅವರ 'ಇನ್ ಎ ಡಿಫರೆಂಟ್ ವಾಯ್ಸ್' ಎಂಬ ಪುಸ್ತಕ ಪ್ರಕಟವಾದದ್ದು 1982ರಲ್ಲಿ. ಅದಕ್ಕೂ ಮೊದಲು ಲಾರೆನ್ಸ್ ಕೋಲ್‌ಬರ್ಗ್ ಎಂಬ ವಿದ್ವಾಂಸರು ಮನುಷ್ಯನ ನೈತಿಕ ಬುದ್ಧಿ ಬೆಳೆಯುವುದನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಮೇಲಿನ ಮೆಟ್ಟಿಲಲ್ಲಿದ್ದುದು ನ್ಯಾಯ, ಹಕ್ಕು, ಎಲ್ಲರಿಗೂ ಅನ್ವಯಿಸುವ ತತ್ವ. ಆದರೆ ಈ ಮೆಟ್ಟಿಲುಗಳನ್ನು ಕಟ್ಟಲು ಅವರು ಮೊದಲು ಅಧ್ಯಯನ ಮಾಡಿದ್ದು ಗಂಡುಹುಡುಗರನ್ನು ಮಾತ್ರ ಎಂಬುದು ಗಮನಾರ್ಹ.

ಕೋಲ್‌ಬರ್ಗ್ ಅವರು ಒಡ್ಡುತ್ತಿದ್ದ ಒಂದು ಪ್ರಶ್ನೆ ಬಹಳ ಪ್ರಸಿದ್ಧ. ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಔಷಧಿ ಅಂಗಡಿಯವನು ಗಂಡನ ಕೈಗೆಟುಕದ ಬೆಲೆ ಹೇಳುತ್ತಾನೆ. ಗಂಡ ಆ ಔಷಧಿಯನ್ನು ಕದಿಯಬಹುದೇ? ಗಿಲಿಗನ್ ಈ ಪ್ರಶ್ನೆಗೆ ಹನ್ನೊಂದು ವರ್ಷದ ಇಬ್ಬರು ಮಕ್ಕಳು ಕೊಟ್ಟ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರು. ಹುಡುಗ ತಟ್ಟನೆ ಲೆಕ್ಕ ಹಾಕಿದ. ಆಸ್ತಿಗಿಂತ ಜೀವ ದೊಡ್ಡದು, ಆದ್ದರಿಂದ ಕದಿಯಬಹುದು. ಹುಡುಗಿ ತಡವರಿಸಿದಳು. ಕದಿಯಬಾರದು, ಆದರೆ ಹೆಂಡತಿ ಸಾಯಲೂಬಾರದು. ಕದ್ದು ಜೈಲಿಗೆ ಹೋದರೆ, ಆಕೆಗೆ ಮತ್ತೆ ಕಾಯಿಲೆ ಹೆಚ್ಚಾದಾಗ ಗತಿಯೇನು? ಸಾಲ ತರಲಾಗದೇ? ಅಂಗಡಿಯವನ ಜೊತೆ ಕೂತು ಮಾತಾಡಲಾಗದೇ?

ಹಳೆಯ ಅಳತೆಗೋಲಿನ ಪ್ರಕಾರ ಹುಡುಗಿಯ ಉತ್ತರ ಕೆಳಗಿನ ಮೆಟ್ಟಿಲಿನದು. ಗಿಲಿಗನ್ ಹೇಳಿದ್ದು ಬೇರೆ. ಹುಡುಗಿ ಪ್ರಶ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿಲ್ಲ, ಬೇರೆಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಳೆ. ಯಾವ ನಿಯಮ ದೊಡ್ಡದು ಎಂಬುದಲ್ಲ ಅವಳ ಪ್ರಶ್ನೆ. ಕಾಯಿಲೆಯ ಆ ಹೆಂಗಸನ್ನು ನಾಳೆಯೂ ನಾಡಿದ್ದೂ ನೋಡಿಕೊಳ್ಳುವವರು ಯಾರು ಎಂಬುದು.

ಈ ಪ್ರಶ್ನೆಯನ್ನು ಮನೆಯಂಗಳದಿಂದ ರಾಜಕಾರಣದ ಅಂಗಳಕ್ಕೆ ತಂದವರಲ್ಲಿ ಪ್ರಮುಖರು ಜೋನ್ ಟ್ರಾಂಟೊ. 'ಆರೈಕೆ ಹೆಂಗಸರ ಸಹಜ ಗುಣ' ಎನ್ನುವುದು ಅಪಾಯಕಾರಿ ಎಂದು ಅವರು 1993ರ 'ಮಾರಲ್ ಬೌಂಡರೀಸ್' ಪುಸ್ತಕದಲ್ಲಿ ವಾದಿಸಿದರು. ಸಹಜ ಗುಣ ಎಂದುಬಿಟ್ಟರೆ ಅದಕ್ಕೆ ಕೂಲಿ ಕೊಡಬೇಕಿಲ್ಲ, ರಜೆ ಕೊಡಬೇಕಿಲ್ಲ, ಗಂಡಸರು ಕಲಿಯಬೇಕಾಗಿಯೂ ಇಲ್ಲ. ಅಷ್ಟೇ ಅಲ್ಲ, ಅಮೆರಿಕದಲ್ಲಾಗಲಿ ಇಲ್ಲಾಗಲಿ ಆರೈಕೆಯ ಕೊಳಕು ಭಾಗವನ್ನು ಹೊರುವವರು ಬರೀ ಹೆಂಗಸರಲ್ಲ. ಬಡವರು, ಕೀಳೆಂದು ಎಣಿಸಲಾದ ಜಾತಿ ವರ್ಣಗಳವರು.

ಟ್ರಾಂಟೊ ಆರೈಕೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿದರು. ಮೊದಲನೆಯದು, ಇಲ್ಲಿ ಯಾರಿಗೋ ಏನೋ ಬೇಕಾಗಿದೆ ಎಂದು ಗಮನಿಸುವುದು. ಎರಡನೆಯದು, ಅದನ್ನು ಒದಗಿಸುವ ಹೊಣೆ ಹೊರುವುದು. ಮೂರನೆಯದು, ಕೈಯಾರೆ ಆ ಕೆಲಸ ಮಾಡುವುದು, ಅದೂ ಚೆನ್ನಾಗಿ ಮಾಡುವುದು. ನಾಲ್ಕನೆಯದು, ಆರೈಕೆ ಪಡೆದವರಿಗೆ ಅದು ಸರಿಹೋಯಿತೇ ಎಂದು ತಿಳಿದುಕೊಳ್ಳುವುದು. ಮೊದಲ ಎರಡು ಹಂತಗಳು ಸಾಮಾನ್ಯವಾಗಿ ಅಧಿಕಾರದಲ್ಲಿರುವವರ ಪಾಲಿಗೆ. ಮೂರನೆಯದು ಕೆಳಗಿನವರ ಪಾಲಿಗೆ. ನಾಲ್ಕನೆಯದನ್ನು ಕೇಳುವವರೇ ಇಲ್ಲ.

ಇದು ಪುಸ್ತಕದ ಮಾತು. ಕೊರೊನಾ ಕಾಲದ ದಿನಬಳಕೆಯ ಬದುಕಿನಲ್ಲಿ ಇದು ಹೇಗೆ ಕಾಣಿಸಿತು ಎಂಬುದನ್ನು ನೋಡೋಣ.

'ಮನೆಯಲ್ಲೇ ಇರಿ'

ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ಕರ್ನಾಟಕದಲ್ಲಿ. 2020ರ ಮಾರ್ಚ್‌ನಲ್ಲಿ ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು. ಅದೇ ತಿಂಗಳ 22ರಂದು ಜನತಾ ಕರ್ಫ್ಯೂ. ಸಂಜೆ 5ಕ್ಕೆ ದೇಶವೆಲ್ಲ ಚಪ್ಪಾಳೆ ತಟ್ಟಿತು, ತಟ್ಟೆ ಜಾಗಟೆ ಬಾರಿಸಿತು. 25ರಿಂದ ಲಾಕ್‌ಡೌನ್. 'ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ' ಎಂಬುದು ಎಲ್ಲೆಡೆಯ ಘೋಷಣೆಯಾಯಿತು.

ಮನೆ ಎಂಬುದು ತಾನಾಗಿ ನಡೆಯುವ ಯಂತ್ರವಲ್ಲ. ಶಾಲೆ ಮುಚ್ಚಿತು, ಅಂಗನವಾಡಿ ಮುಚ್ಚಿತು, ಕಚೇರಿ ಮನೆಗೆ ಬಂತು, ಹೋಟೆಲು ಬಾಗಿಲು ಹಾಕಿತು. ಇವೆಲ್ಲ ಹೊರಗೆ ಮಾಡುತ್ತಿದ್ದ ಕೆಲಸ ಒಂದೇ ಬಾರಿಗೆ ಅಡುಗೆಮನೆಗೂ ನಡುಮನೆಗೂ ಬಂದು ಬಿತ್ತು. ದಿನಕ್ಕೆ ಮೂರು ಸಲ ಕಷಾಯ, ತಂದ ತರಕಾರಿಯನ್ನು ತೊಳೆದು ಆರಹಾಕುವುದು, ಬಟ್ಟೆಯ ಮಾಸ್ಕುಗಳನ್ನು ಒಗೆಯುವುದು, ಮೊಬೈಲಿನ ಪಾಠಕ್ಕೆ ಮಗುವನ್ನು ಕೂರಿಸುವುದು. ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದರು. ನಲ್ಲಿಯಿದ್ದ ಮನೆಯಲ್ಲಿ ಅದು ಇಪ್ಪತ್ತು ಸೆಕೆಂಡಿನ ಮಾತು. ಬೀದಿಯ ಕೊಳವೆಬಾವಿಯಿಂದ ನೀರು ತರುವ ಮನೆಯಲ್ಲಿ ಅದು ಹೆಚ್ಚುವರಿ ಎರಡು ಕೊಡದ ಮಾತು. ಆ ಕೊಡ ಯಾರ ಸೊಂಟದ ಮೇಲಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಸ್ಪಷ್ಟವಾದ ಇನ್ನೊಂದು ದಾಖಲೆಯಿದೆ. ಸೌಮ್ಯ ಲಕ್ಷಣದ ರೋಗಿಗಳು ಮನೆಯಲ್ಲೇ ಪ್ರತ್ಯೇಕವಾಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ರೋಗಿಯನ್ನು ನೋಡಿಕೊಳ್ಳಲು ದಿನದ 24 ಗಂಟೆಯೂ, ವಾರದ 7 ದಿನವೂ ಒಬ್ಬರು ಲಭ್ಯರಿರಬೇಕು, ಅವರು ಆಸ್ಪತ್ರೆಯೊಂದಿಗೆ ಸಂಪರ್ಕದಲ್ಲಿರಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ಆಸ್ಪತ್ರೆಯಲ್ಲಾದರೆ ಪಾಳಿಯ ಮೇಲೆ ಹಲವರು ಮಾಡುವ ಕೆಲಸವಿದು. ಮನೆಯಲ್ಲಿ ಒಬ್ಬರೇ, ಪಾಳಿಯಿಲ್ಲದೆ, ತರಬೇತಿಯಿಲ್ಲದೆ ಮಾಡಬೇಕಾಯಿತು. ಮಾರ್ಗಸೂಚಿಯಲ್ಲಿ ಆ 'ಒಬ್ಬರು' ಗಂಡೋ ಹೆಣ್ಣೋ ಎಂದಿರಲಿಲ್ಲ. ಆದರೆ ಮನೆಮನೆಗಳಲ್ಲಿ ಅದನ್ನು ಕೇಳುವ ಅಗತ್ಯವೂ ಬರಲಿಲ್ಲ.

ಇದು ಊಹೆಯ ಮಾತೇನೂ ಅಲ್ಲ. ಕೊರೊನಾಕ್ಕೆ ಮುನ್ನ, 2019ರಲ್ಲಿ, ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಶೇ 81.2, ಪುರುಷರು ಶೇ 26.1. ಹಾಗೆ ತೊಡಗಿದವರಲ್ಲಿ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷ 97 ನಿಮಿಷ ಕೊಡುತ್ತಿದ್ದರು. ಲಾಕ್‌ಡೌನ್‌ನಲ್ಲಿ ಗಂಡಸರು ಸಾರು ಮಾಡಲು ಕಲಿತರು, ಕಸ ಗುಡಿಸಿದರು ಎಂಬ ಸುದ್ದಿಗಳು ಆಗ ಸಾಕಷ್ಟು ಬಂದವು. ಹಾಗಾದರೆ ಆ ಪಾಠ ಉಳಿಯಿತೇ? 2024ರಲ್ಲಿ ಅದೇ ಸಮೀಕ್ಷೆ ಮತ್ತೆ ನಡೆಯಿತು. ಮಹಿಳೆಯರದು 289 ನಿಮಿಷ, ಪುರುಷರದು 88. ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿದೆ ನಿಜ. ಆದರೆ ಅದನ್ನು ಗಂಡಸರು ಹೊತ್ತುಕೊಂಡದ್ದರಿಂದ ಇಳಿದದ್ದಲ್ಲ, ಅವರ ಪಾಲೂ ಇಳಿದಿದೆ.

ಗೌರವಧನ ಎಂಬ ಪದ

ಮನೆಯಿಂದ ಹೊರಗೆ ಬಂದರೆ ಆರೈಕೆಯ ಭಾರ ಹೊತ್ತು ಬೀದಿ ಬೀದಿ ತಿರುಗಿದವರು ಆಶಾ ಕಾರ್ಯಕರ್ತೆಯರು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2005ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಇರುತ್ತಾರೆ. ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು ಅವರ ಮೂಲ ಕೆಲಸ. ಕೊರೊನಾ ಬಂದಾಗ ಮನೆಮನೆ ಸಮೀಕ್ಷೆ, ಹೊರ ಊರುಗಳಿಂದ ಬಂದವರ ಪಟ್ಟಿ, ಪ್ರತ್ಯೇಕವಾಗಿದ್ದವರ ಮೇಲೆ ನಿಗಾ, ವಯಸ್ಸಾದವರ ಹಾಗೂ ಬೇರೆ ಕಾಯಿಲೆಯವರ ಲೆಕ್ಕ ಎಲ್ಲವೂ ಅವರ ಹೆಗಲೇರಿದವು. ಕೆಲವೆಡೆ ಜನ ಬಾಗಿಲು ಮುಚ್ಚಿದರು, ಬೈದರು, ಹಲ್ಲೆಯನ್ನೂ ಮಾಡಿದರು.

ಆಶಾ ಕಾರ್ಯಕರ್ತೆ ಸರ್ಕಾರದ ದಾಖಲೆಯಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಪದಗಳು ಎಷ್ಟು ಚೆನ್ನಾಗಿವೆ! ಗೌರವವೂ ಇದೆ, ಪ್ರೋತ್ಸಾಹವೂ ಇದೆ, ಸೇವೆಯೂ ಇದೆ. ಆದರೆ 'ವೇತನ' ಎಂಬ ಪದ ಇಲ್ಲದಿರುವುದರಿಂದ ಕನಿಷ್ಠ ವೇತನದ ಕಾಯಿದೆಯ ರಕ್ಷಣೆ ಸಿಗುವುದಿಲ್ಲ. ಕೊರೊನಾ ಕೆಲಸಕ್ಕೆಂದು ಕೇಂದ್ರ ಗೊತ್ತುಮಾಡಿದ ಹೆಚ್ಚುವರಿ ಹಣ ತಿಂಗಳಿಗೆ 1,000 ರೂಪಾಯಿ. ಆರೋಗ್ಯ ಕಾರ್ಯಕರ್ತರಿಗೆ 2020ರ ಮಾರ್ಚ್‌ನಲ್ಲಿ ಘೋಷಿಸಿದ 50 ಲಕ್ಷ ರೂಪಾಯಿಯ ವಿಮೆಯಲ್ಲಿ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿದ್ದರು. ಇದು ಒಳ್ಳೆಯ ಕೆಲಸವೇ. ಆದರೂ ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಸತ್ತರೆ 50 ಲಕ್ಷ, ಬದುಕಿ ದುಡಿದರೆ ತಿಂಗಳಿಗೆ ಹೆಚ್ಚುವರಿ 1,000.

2020ರ ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ಸಾಕಷ್ಟು ಸುರಕ್ಷಾ ಸಾಮಗ್ರಿ, ಇವು ಅವರ ಬೇಡಿಕೆಗಳು. ಇಂಥ ಹೊತ್ತಿನಲ್ಲಿ ಮುಷ್ಕರವೇ ಎಂದು ಹುಬ್ಬೇರಿಸುವುದು ಸುಲಭ. ಸೇವೆ ಎಂದು ಕರೆದ ಕೂಡಲೇ ಅದನ್ನು ನಿಲ್ಲಿಸುವುದು ನಿರ್ದಯೆಯಾಗಿ ಕಾಣುತ್ತದೆ. ದುಡಿಮೆ ಎಂದು ಕರೆದರೆ ಮಾತ್ರ ಕೂಲಿ ಕೇಳುವುದು ನ್ಯಾಯವಾಗಿ ಕಾಣುತ್ತದೆ. ಆರೈಕೆಯ ನೀತಿ ಇಲ್ಲಿ ಕೇಳುವ ಪ್ರಶ್ನೆ ಸರಳ. ಮಾಸ್ಕ್ ಇಲ್ಲದೆ ಮನೆಯಿಂದ ಮನೆಗೆ ಹೋಗುವವಳಿಂದ ಒಳ್ಳೆಯ ಆರೈಕೆ ಸಾಧ್ಯವೇ? ಮೂರನೆಯ ಹಂತದಲ್ಲಿ ಕೆಲಸ ಚೆನ್ನಾಗಿ ಆಗಬೇಕಾದರೆ ಎರಡನೆಯ ಹಂತದಲ್ಲಿ ಹೊಣೆ ಹೊತ್ತವರು ಕೈಬಿಚ್ಚಬೇಕು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿ ಗೌರವಿಸಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಹಗಲು ರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಧರಣಿ ಹಿಂದಕ್ಕೆ ಪಡೆದರು. 2020ರಲ್ಲಿ ಕೇಳಿದ್ದು 12,000 ಎಂಬುದು ಇಲ್ಲಿ ನೆನಪಿರಬೇಕು.

ಪಾಸ್ ಯಾರಿಗೆ?

ಲಾಕ್‌ಡೌನ್‌ನಲ್ಲಿ ಹೊರಗೆ ಓಡಾಡಲು ಪಾಸ್ ಬೇಕಾಗಿತ್ತು. ಟ್ರಾಂಟೊ ಅವರು 2013ರ 'ಕೇರಿಂಗ್ ಡೆಮಾಕ್ರಸಿ' ಪುಸ್ತಕದಲ್ಲಿ ಬೇರೊಂದು ಬಗೆಯ ಪಾಸ್ ಕುರಿತು ಬರೆದಿದ್ದಾರೆ. ಸಮಾಜ ಕೆಲವರಿಗೆ ಆರೈಕೆಯ ಕೆಲಸದಿಂದ ವಿನಾಯಿತಿ ಕೊಡುತ್ತದೆ. 'ನಾನು ಹೊರಗೆ ದುಡಿದು ತರುತ್ತೇನೆ, ಅದೇ ನನ್ನ ಪಾಲು' ಎನ್ನುವುದು ಒಂದು ಪಾಸ್. 'ನಾನು ನಿಮ್ಮನ್ನು ರಕ್ಷಿಸುತ್ತೇನೆ' ಎನ್ನುವುದು ಇನ್ನೊಂದು. ಇಂಥ ಪಾಸ್ ಇದ್ದವರಿಗೆ ತಮಗೆ ವಿನಾಯಿತಿ ಸಿಕ್ಕಿದೆ ಎಂಬುದೇ ತಿಳಿದಿರುವುದಿಲ್ಲ. ತಟ್ಟೆಗೆ ಅನ್ನ ತಾನಾಗಿ ಬಂದು ಬೀಳುತ್ತದೆ ಎಂದೇ ಅವರ ನಂಬಿಕೆ.

ಈ ಪಾಸ್ ಗಂಡಸರ ಕೈಯಲ್ಲಿ ಮಾತ್ರ ಇರುವುದಲ್ಲ. ಮನೆಗೆಲಸದವಳನ್ನು ಇಟ್ಟುಕೊಂಡ ಮಧ್ಯಮವರ್ಗದ ಗೃಹಿಣಿಯ ಕೈಯಲ್ಲೂ ಅದರ ತುಣುಕೊಂದು ಇರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ನಗರಗಳ ಅಪಾರ್ಟ್‌ಮೆಂಟ್ ಗೇಟುಗಳು ಮನೆಗೆಲಸದವರಿಗೆ ಮುಚ್ಚಿದವು. ಕೆಲವು ಮನೆಗಳವರು ಕೆಲಸವಿಲ್ಲದ ತಿಂಗಳುಗಳಿಗೂ ಸಂಬಳ ಕೊಟ್ಟರು, ಹಲವರು ಕೊಡಲಿಲ್ಲ. ಗೇಟು ತೆರೆದ ಮೇಲೆ ರೋಗ ತರುವವಳು ಎಂಬ ಅನುಮಾನ ಬಿದ್ದದ್ದು ಕೆಲಸದವಳ ಮೇಲೆ. ವಿದೇಶದಿಂದ ವಿಮಾನದಲ್ಲಿ ಬಂದಿಳಿದವರಿಂದ ರೋಗ ಆಕೆಯ ಕೇರಿಗೂ ಹರಡಿರಬಹುದು ಎಂದು ಯೋಚಿಸಿದವರು ಕಡಿಮೆ. ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಮನೆಯಲ್ಲಿ ಉಳಿಯುವ ಆಯ್ಕೆಯೇ ಇರಲಿಲ್ಲ. ರಾಜ್ಯದ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು. ಬೆಂಗಳೂರಿನ ಬೀದಿಗಳಲ್ಲಂತೂ ಪೊರಕೆ ಹಿಡಿದವರಲ್ಲಿ ಹೆಂಗಸರೇ ಹೆಚ್ಚು. ಆರೈಕೆಯ ಹಂಚಿಕೆಯನ್ನು ಗಂಡು ಹೆಣ್ಣಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಜಾತಿಯ ಲೆಕ್ಕ ತಪ್ಪಿಹೋಗುತ್ತದೆ.

ಪುಣೆಯ 1897

ಮಾರಿರೋಗದ ಕಾಲದ ಆರೈಕೆ ಹೊಸ ವಿಷಯವೇನೂ ಅಲ್ಲ. 1897ರ ಆರಂಭದಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತ್ತು. ಸರ್ಕಾರ ಡಬ್ಲ್ಯು. ಸಿ. ರ‍್ಯಾಂಡ್ ಎಂಬ ಅಧಿಕಾರಿಯನ್ನು ಪ್ಲೇಗ್ ನಿಯಂತ್ರಣಕ್ಕೆ ನೇಮಿಸಿತು. ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನುಗಳನ್ನು ಹೊರಗೆಸೆದರು. ಜನ ಕೆರಳಿದರು. ಅದೇ ವರ್ಷ ಜೂನ್ 22ರಂದು ರ‍್ಯಾಂಡ್ ಮೇಲೆ ಗುಂಡು ಹಾರಿತು.

ಅದೇ ನಗರದಲ್ಲಿ, ಅದೇ ವರ್ಷ, ಇನ್ನೊಂದು ಬಗೆಯ ಕೆಲಸವೂ ನಡೆದಿತ್ತು. ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಪುತ್ರ, ವೈದ್ಯ ಯಶವಂತರಾವ್, ಊರ ಹೊರಗೆ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಪ್ಲೇಗ್ ತಗುಲಿದ ಬಾಲಕನೊಬ್ಬನನ್ನು ಸಾವಿತ್ರಿಬಾಯಿ ತಾವೇ ಹೊತ್ತು ಅಲ್ಲಿಗೆ ತಂದರು. ಸೋಂಕು ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಸೈನಿಕರ ಶೋಧವೂ ರೋಗ ತಡೆಯಲೆಂದೇ ಇತ್ತು, ಚಿಕಿತ್ಸಾಲಯವೂ ಅದಕ್ಕೆಂದೇ ಇತ್ತು. ವ್ಯತ್ಯಾಸವಿದ್ದದ್ದು ಟ್ರಾಂಟೊ ಹೇಳುವ ನಾಲ್ಕನೆಯ ಹಂತದಲ್ಲಿ, ಅಂದರೆ ಆರೈಕೆ ಪಡೆದವರ ಅನುಭವದಲ್ಲಿ. 2020ರ ಮಾರ್ಚ್‌ನಲ್ಲಿ ಪ್ರತ್ಯೇಕವಾಸದಲ್ಲಿದ್ದವರ ಕೈಗೆ ಕರ್ನಾಟಕದಲ್ಲೂ ಮುದ್ರೆ ಒತ್ತಲಾಯಿತು, ಮನೆ ಬಾಗಿಲಿಗೆ ನೋಟಿಸು ಅಂಟಿಸಲಾಯಿತು. ಅಕ್ಕಪಕ್ಕದವರಿಗೆ ಎಚ್ಚರಿಕೆ ಕೊಡುವುದು ಉದ್ದೇಶ. ಆದರೆ ಎಷ್ಟೋ ಮನೆಗಳಿಗೆ ಆ ಚೀಟಿ ಅವಮಾನವಾಗಿ, ಬಹಿಷ್ಕಾರವಾಗಿ ಕಂಡಿತು. ಅವಮಾನಕ್ಕೆ ಹೆದರಿದ ಜನ ಜ್ವರವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಜ್ವರ ಹಬ್ಬುತ್ತದೆ. ಅಂಥ ಬಾಗಿಲುಗಳನ್ನು ತೆರೆಸುವ ಕೆಲಸ ಕೊನೆಗೆ ಬಿದ್ದದ್ದು ಊರಿನ ಪರಿಚಿತ ಮುಖವಾದ ಆಶಾ ಕಾರ್ಯಕರ್ತೆಯ ಪಾಲಿಗೆ.

ಇನ್ನೂ ಒಂದು ಹಳೆಯ ಪಾಠವಿದೆ. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಸತ್ತವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿತ್ತು. ಕೊನೆಗೆ ಉಣ್ಣುವವರಾದ್ದರಿಂದ ಅವರಲ್ಲಿ ಶಕ್ತಿ ಕಡಿಮೆಯಿತ್ತು, ಮನೆಯ ರೋಗಿಗಳ ಪಕ್ಕದಲ್ಲಿ ಕೂತು ಶುಶ್ರೂಷೆ ಮಾಡಿದ್ದರಿಂದ ಸೋಂಕು ಹೆಚ್ಚು ತಗುಲಿತು ಎಂಬುದು ಇತಿಹಾಸಕಾರರು ಕೊಡುವ ವಿವರಣೆಗಳಲ್ಲಿ ಮುಖ್ಯವಾದುದು. ಕೊರೊನಾದಲ್ಲಿ ದಾಖಲಾದ ಸಾವುಗಳ ಚಿತ್ರ ಬೇರೆ. ಅಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚು. ಆದರೆ ಆರೈಕೆ ಮಾಡುವವರು ಅಪಾಯಕ್ಕೆ ಹತ್ತಿರವಿರುತ್ತಾರೆ ಎಂಬ ಮಾತು ಎರಡೂ ಕಾಲಕ್ಕೆ ಸಲ್ಲುತ್ತದೆ.

ಕೂಡಿ ಮಾಡುವ ಆರೈಕೆ

ಆರೈಕೆಯ ನೀತಿಗೆ ಟೀಕಾಕಾರರೂ ಇದ್ದಾರೆ. ಇದು ಹೆಂಗಸನ್ನು ಮತ್ತೆ ತಾಯ್ತನದ ಪೀಠದಲ್ಲಿ ಕೂರಿಸುತ್ತದೆ, ತ್ಯಾಗವನ್ನು ಕೊಂಡಾಡುತ್ತದೆ ಎಂಬುದು ಒಂದು ಆಕ್ಷೇಪ. ಆರೈಕೆಗೆ ಕೂಲಿ ಕಟ್ಟಿದರೆ ಅದರೊಳಗಿನ ಪ್ರೀತಿ ಬತ್ತಿಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯ ಆಕ್ಷೇಪದಲ್ಲಿ ತಿರುಳಿದೆ. ಅದಕ್ಕೆ ಉತ್ತರವಾಗಿಯೇ ಟ್ರಾಂಟೊ ನಾಲ್ಕು ಹಂತಗಳಿಗೆ ಐದನೆಯದನ್ನು ಸೇರಿಸಿದರು: ಕೂಡಿ ಆರೈಕೆ ಮಾಡುವುದು. ಒಂದು ಸಮಾಜದಲ್ಲಿ ಆರೈಕೆಯ ಕೆಲಸ ಎಲ್ಲರ ನಡುವೆ ನ್ಯಾಯವಾಗಿ ಹಂಚಿಕೆಯಾಗಬೇಕು, ಯಾರ ಸ್ವಾತಂತ್ರ್ಯವನ್ನೂ ಅದು ನುಂಗಬಾರದು ಎಂಬುದು ಇದರ ಅರ್ಥ. ಎರಡನೆಯ ಆಕ್ಷೇಪ ಅಷ್ಟು ಗಟ್ಟಿಯಲ್ಲ. ಸಂಬಳ ಪಡೆಯುವ ಮೇಷ್ಟರು ಮಕ್ಕಳನ್ನು ಪ್ರೀತಿಸುವುದಿಲ್ಲವೇ? ಫೀಜು ತೆಗೆದುಕೊಳ್ಳುವ ವೈದ್ಯರಿಗೆ ಕರುಣೆ ಇರುವುದಿಲ್ಲವೇ? ಪ್ರೀತಿ ಬತ್ತುವುದು ಕೂಲಿಯಿಂದಲ್ಲ, ದಣಿವಿನಿಂದ.

ಇದನ್ನು ಕನ್ನಡದ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಾಣಂತನ ಎಂಬ ಪದ್ಧತಿಯಲ್ಲೇ ಈ ತಿಳಿವಳಿಕೆ ಇದೆ. ಹೆತ್ತವಳು ಮಗುವನ್ನು ನೋಡಿಕೊಳ್ಳಬೇಕಾದರೆ ಹೆತ್ತವಳನ್ನು ನೋಡಿಕೊಳ್ಳುವವರು ಬೇಕು. ಅದಕ್ಕೇ ಆಕೆ ತವರಿಗೆ ಹೋಗುತ್ತಾಳೆ, ಎಣ್ಣೆ ನೀರು ಹಾಕಿಸಿಕೊಳ್ಳುತ್ತಾಳೆ, ಪಥ್ಯದ ಊಟ ಉಣ್ಣುತ್ತಾಳೆ, ಮಲಗುತ್ತಾಳೆ. ಆರೈಕೆ ಮಾಡುವವಳಿಗೂ ಆರೈಕೆ ಬೇಕು ಎಂಬುದನ್ನು ಈ ನಾಡು ಹೆಣ್ಣಿನ ಬದುಕಿನ ಕೆಲವು ತಿಂಗಳುಗಳ ಮಟ್ಟಿಗೆ ಒಪ್ಪಿಕೊಂಡಿದೆ. ಅಲ್ಲೂ ಎಣ್ಣೆ ಹಚ್ಚುವ, ನೀರು ಕಾಯಿಸುವ ಕೈಗಳು ಇನ್ನೊಬ್ಬ ಹೆಂಗಸಿನವೇ ಎಂಬುದು ಬೇರೆ ಮಾತು. ಒಪ್ಪಿಕೊಂಡ ಆ ತತ್ವವನ್ನು ಉಳಿದ ವರ್ಷಗಳಿಗೂ, ಆಶಾ ಕಾರ್ಯಕರ್ತೆಗೂ, ದಾದಿಗೂ, ಪೌರಕಾರ್ಮಿಕಳಿಗೂ ವಿಸ್ತರಿಸುವುದು ಬಾಕಿಯಿದೆ.

ವಿಸ್ತರಿಸುವುದೆಂದರೆ ಏನು? ಸರ್ಕಾರದ ಮಟ್ಟದಲ್ಲಿ ಗೌರವಧನವನ್ನು ವೇತನವನ್ನಾಗಿ ಮಾಡುವುದು, ಮುಂದಿನ ಮಾರ್ಗಸೂಚಿ ಬರೆಯುವಾಗ '24 ಗಂಟೆ ಲಭ್ಯರಿರುವ ಒಬ್ಬರು' ಎಂದು ಬರೆದು ಕೈತೊಳೆದುಕೊಳ್ಳದೆ ಆ ಒಬ್ಬರ ಊಟ, ನಿದ್ದೆ, ಕೂಲಿ, ಮಾಸ್ಕಿನ ಲೆಕ್ಕವನ್ನೂ ಬರೆಯುವುದು. ಮನೆಯ ಮಟ್ಟದಲ್ಲಿ ಇನ್ನೂ ಸರಳ. ದಿನದ ಕೆಲಸಗಳನ್ನು ಒಂದು ಕಾಗದದ ಮೇಲೆ ಬರೆದು, ಒಂದೊಂದರ ಮುಂದೆ ಮಾಡುವವರ ಹೆಸರು ಬರೆದರೆ ಸಾಕು. ಒಂದೇ ಹೆಸರು ಎಷ್ಟು ಸಲ ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. 'ನೆರವಾಗುತ್ತೇನೆ' ಎನ್ನುವ ಗಂಡಸರೂ ಅಲ್ಲಿ ಒಂದು ವಿಷಯ ಗಮನಿಸಬಹುದು. ನೆರವಾಗುವವನು ಬೇರೊಬ್ಬರ ಕೆಲಸಕ್ಕೆ ಕೈ ಹಾಕಿದವನು. ಅದು ತನ್ನದೇ ಕೆಲಸ ಎಂದು ತಿಳಿದವನು ನೆರವಿನ ಮಾತಾಡುವುದಿಲ್ಲ.

ಮುಂದಿನ ಮಾರಿರೋಗ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದಾಗ ಮತ್ತೆ ದೀಪ ಹಚ್ಚಬಹುದು, ಮತ್ತೆ ಚಪ್ಪಾಳೆ ತಟ್ಟಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಮೊದಲು ಪ್ರತಿ ಮನೆಯೂ, ಪ್ರತಿ ಸರ್ಕಾರವೂ ಉತ್ತರ ಸಿದ್ಧಪಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ. ಎಲ್ಲರಿಗೂ ಗಂಜಿ ಕಾಯಿಸಿ ಕೊಡುವವಳಿಗೇ ಜ್ವರ ಬಂದು ಮಲಗಿದ ದಿನ ಅವಳಿಗೆ ಗಂಜಿ ಕಾಯಿಸುವವರು ಯಾರು?